ಎಲ್ಲರಿಗೂ ಕಪ್ಪು ಐದು

ಪುಣೆಯ ಬಿಬವೇವಾಡಿಯ ನಮ್ಮ ಫ್ಲ್ಯಾಟಿನ ಹೊರಕೋಣೆಯಲ್ಲಿ ಇಪ್ಪತ್ತು ವರ್ಷಗಳಿಂದ ಹಾಡು ಕಲಿಸುತ್ತಿದ್ದೇನೆ. ಕಲಿಸುವುದಕ್ಕಿಂತ ಹೆಚ್ಚಾಗಿ ಪಾಲಕರ ಜೊತೆ ಜಗಳವಾಡುತ್ತೇನೆ ಎಂದರೂ ಸುಳ್ಳಲ್ಲ. ಸೇರಿಸಲು ಬಂದ ದಿನವೇ ಟೀವಿ ಸ್ಪರ್ಧೆಗೆ ಎಷ್ಟು ತಿಂಗಳು ಬೇಕು ಎಂದು ಕೇಳುವವರಿದ್ದಾರೆ. ಬೆಂಗಳೂರಿನಿಂದ ಬಂದ ಒಬ್ಬ ತಾಯಿಯಂತೂ ಮೊಬೈಲನ್ನು ನನ್ನ ಮೂಗಿಗೆ ಹಿಡಿದು, "ಮ್ಯಾಮ್, ಆ್ಯಪ್‌ನಲ್ಲಿ ಅವಳಿಗೆ ನೈಂಟಿ ಟೂ ಸ್ಕೋರ್ ಬರತ್ತೆ. ನೀವ್ಯಾಕೆ ಇನ್ನೂ ಸರಳೆನೇ ಹೇಳಿಸ್ತಿದೀರ?" ಎಂದರು. ಹಾಗಾದರೆ ಆ್ಯಪಿನ ಕಾಲಿಗೇ ನಮಸ್ಕಾರ ಮಾಡಿಸಿ ಎಂದೆ. ಮರುವಾರದಿಂದ ಅವರು ಬರಲಿಲ್ಲ, ನನಗೆ ಖುಷಿಯೇ ಆಯಿತು.

ಇಂಥ ಕಾಲದಲ್ಲಿ ಪರಂಪರೆಯನ್ನು ಉಳಿಸಿಕೊಂಡವಳು ನಾನೊಬ್ಬಳೇ ಎಂಬ ಜಂಬ ನನಗಿತ್ತು. ಧಾರವಾಡದಲ್ಲಿ ನನಗೆ ಕಲಿಸಿದ ಅಮ್ಮನವರ ಮನೆಯಲ್ಲಿ, ನಿನ್ನ ಸ್ವರ ಯಾವುದು ಎಂದು ಶಿಷ್ಯರನ್ನು ಕೇಳುವ ಪದ್ಧತಿಯೇ ಇರಲಿಲ್ಲ. ಅವರ ಷಡ್ಜವೇ, ಅಂದರೆ ಹಾಡಿಗೆ ಆಧಾರವಾದ ‘ಸಾ’ ಸ್ವರವೇ, ಎಲ್ಲರ ಷಡ್ಜ. ಅದು ಹಾರ್ಮೋನಿಯಂನಲ್ಲಿ ಬೆರಳೊತ್ತುವ ಐದನೆಯ ಕಪ್ಪು ಮನೆ, ನಮ್ಮ ಮಾತಿನಲ್ಲಿ ಕಪ್ಪು ಐದು. ಹೆಂಗಸರಿಗೂ ಎತ್ತರವೇ ಆದ ಸ್ವರ. ಜೊತೆಗೆ ಕಲಿತವರಲ್ಲಿ ಹಲವರು ನಡುವೆಯೇ ಬಿಟ್ಟುಹೋದರು. ಅವರಿಗೆ ಶ್ರದ್ಧೆ ಸಾಲದು ಎಂದು ಅಮ್ಮನವರು ಹೇಳುತ್ತಿದ್ದರು, ಆ ಎತ್ತರ ಸುಲಭವಾಗಿ ನಿಲುಕುತ್ತಿದ್ದ ನಾನು ಹೌದೆಂದು ತಲೆಯಾಡಿಸುತ್ತಿದ್ದೆ. ಪುಣೆಗೆ ಬಂದು ನನ್ನದೇ ಕ್ಲಾಸು ತೆರೆದಾಗ ಹಾರ್ಮೋನಿಯಂನ ಆ ಕಪ್ಪು ಮನೆಯ ಮೇಲೆ ಹಣೆಗಿಡುವ ಒಂದು ಕೆಂಪು ಟಿಕಳಿ ಅಂಟಿಸಿದೆ, ಯಾರೂ ತಪ್ಪಿ ಬೇರೆ ಕಡೆ ಬೆರಳಿಡದಿರಲಿ ಎಂದು. ಶಿಷ್ಯೆಯರು ತಮ್ಮ ಮನೆಗಳ ಹಾರ್ಮೋನಿಯಂಗೂ ಅದೇ ಜಾಗದಲ್ಲಿ ಟಿಕಳಿ ಅಂಟಿಸಿಕೊಂಡರು. ಇದನ್ನು ನಾನು ಗುರುಭಕ್ತಿ ಎಂದು ತಿಳಿದಿದ್ದೆ.

ಅವರಲ್ಲಿ ಬೆಳಗಾವಿ ಕಡೆಯ ಒಬ್ಬ ಹುಡುಗಿ ಇದ್ದಳು. ಹನ್ನೊಂದರಲ್ಲಿ ಸೇರಿದವಳಿಗೆ ಈಗ ಹದಿನಾರು. ಹಾಡು ಬಿಟ್ಟರೆ ಆಕೆಗೆ ಬೇರೇನೂ ಬೇಡ. ಹೋದ ವರ್ಷ ಸೊಸೈಟಿಯ ಗಣಪತಿ ಕಾರ್ಯಕ್ರಮಕ್ಕೆ ಅವಳನ್ನು ತಯಾರು ಮಾಡುತ್ತಿದ್ದೆ. ಮೇಲಿನ ಸ್ವರಗಳಲ್ಲಿ ದನಿ ಒಡೆಯತೊಡಗಿತು. "ಬಾಯಿ ಬಿಡ, ಇನ್ನೂ ಜೋರ ಹಾಡ," ಎಂದು ಕೂಗಿದೆ. ಪಾಪ, ಆ ಹುಡುಗಿ ಕತ್ತಿನ ನರ ಉಬ್ಬಿಸಿಕೊಂಡು ಜೋರಾಗಿಯೇ ಹಾಡಿತು.

ಒಂದು ವಾರದಲ್ಲಿ ಅವಳ ತಾಯಿ ಬಾಗಿಲಲ್ಲಿ ನಿಂತಿದ್ದರು. "ಟೀಚರ್, ಆಕಿ ದನಿ ಪೂರಾ ಕುಂತದ ನೋಡ್ರಿ. ಮಾತಾಡಿದ್ರ ಬರೇ ಗಾಳಿ ಬರ್ತದ."

ನನಗೆ ಕಾರಣ ಹುಡುಕಲು ಎಷ್ಟು ಹೊತ್ತು? ಮೊದಲು ಐಸ್‌ಕ್ರೀಮು, ಆಮೇಲೆ ಪಾಣಿಪುರಿ, ಆಮೇಲೆ ಮೆಟ್ರೋ ಕೆಲಸದ ಧೂಳು, ಕೊನೆಗೆ ಸ್ವತಃ ತಾಯಿ. "ನೀವು ಮನ್ಯಾಗ ಆಕಿ ಕೂಡ ಭಾಳ ವಾದಾ ಮಾಡ್ತೀರಿ," ಎಂದೂ ಅಂದೆ. ಮೊಸರು, ಉಪ್ಪಿನಕಾಯಿ, ಪೇರಲಹಣ್ಣು ಬಂದ್ ಮಾಡಿಸಿದೆ. ಜ್ಯೇಷ್ಠಮಧು ಬಾಯಲ್ಲಿಟ್ಟುಕೊಂಡೇ ಓಡಾಡು ಎಂದೆ. ಹುಡುಗಿ ಎಲ್ಲವನ್ನೂ ಬಿಟ್ಟಳು, ದನಿ ಮಾತ್ರ ಬರಲಿಲ್ಲ.

ಗಂಟಲು ಡಾಕ್ಟರು ಕೊಳವೆ ಹಾಕಿ ನೋಡಿ, ದನಿಯ ತಂತುಗಳ ಮೇಲೆ ಗಂಟು ಕಟ್ಟುತ್ತಿದೆ ಎಂದರು. ಹೀಗೇ ಹಾಡಿದರೆ ಹಾಡುವ ದನಿ ಉಳಿಯುವುದು ಕಷ್ಟವಂತೆ. ಹುಡುಗಿ ಅಳುವಾಗಲೂ ಸದ್ದು ಬರದಂತೆ ಬಾಯಿಗೆ ದುಪಟ್ಟಾ ಒತ್ತಿಕೊಂಡಿದ್ದಳು. ನಾನು ಮನಸ್ಸಿನಲ್ಲೇ ಪಾಣಿಪುರಿಯವನಿಗೆ ಶಾಪ ಹಾಕಿದೆ.

ಡಾಕ್ಟರು ದನಿಯ ವ್ಯಾಯಾಮ ಕಲಿಸುವ ಒಬ್ಬ ಮರಾಠಿ ತರುಣಿಯ ಬಳಿಗೆ ಕಳಿಸಿದರು. ನನ್ನ ಪರಂಪರೆಯ ಗೌರವಕ್ಕೆ ಕುಂದು ಬರಬಾರದೆಂದು ನಾನೂ ಜೊತೆಗೆ ಹೋದೆ. ಆಕೆ ಹುಡುಗಿಯಿಂದ ಸಣ್ಣಗೆ ಗುನುಗಿಸಿ, ಮೇಲೆ ಕೆಳಗೆ ಓಡಾಡಿಸಿ, ಏನೋ ಬರೆದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಹಿಚಾ ಸಾ ಕುಣೀ ಠರವಲಾ?" ಎಂದಳು. ಈಕೆಯ ಷಡ್ಜವನ್ನು ಗೊತ್ತು ಮಾಡಿದವರು ಯಾರು ಎಂದು ಅವಳು ಕೇಳಿದ್ದು. ನಮ್ಮಲ್ಲಿ ಎಲ್ಲರಿಗೂ ಕಪ್ಪು ಐದೇ ಎಂದು ನಾನು ಹೆಮ್ಮೆಯಿಂದ ಶುರು ಮಾಡಿದೆ. ಹೇಳುತ್ತ ಹೇಳುತ್ತ ನನ್ನ ಮಾತು ನನಗೇ ಕೇಳಿಸಿತು. ಎಲ್ಲ ಹುಡುಗಿಯರಿಗೂ ನನ್ನ ಚಪ್ಪಲಿಯನ್ನೇ ತೊಡಿಸಿ, ನಡಿಗೆ ಸರಿಯಿಲ್ಲ ಎಂದು ಬೈಯುತ್ತ ಬಂದಿದ್ದೆ. ನಾಚಿಕೆಯಿಂದ ನೆಲ ನೋಡಿದೆ. ಐಸ್‌ಕ್ರೀಮು ತಿನ್ನಬಹುದೇ ಎಂದು ಹುಡುಗಿ ಸನ್ನೆಯಲ್ಲಿ ಕೇಳಿದಳು, ಧಾರಾಳವಾಗಿ ತಿನ್ನು ಎಂದಳು ಆಕೆ.

ಮನೆಗೆ ಬಂದು ಟಿಕಳಿಯನ್ನು ಉಗುರಿನಿಂದ ಕೆರೆದು ತೆಗೆದೆ. ಉಳಿದ ಹುಡುಗಿಯರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಅವರವರ ಸ್ವರ ಹುಡುಕಿದೆ. ಕ್ಲಾಸಿನ ವೇಳಾಪಟ್ಟಿ ಪೂರ್ತಿ ಹದಗೆಟ್ಟಿತು. ಸ್ವರ ಇಳಿಸಿದರೆ ಮಗಳ ದರ್ಜೆಯೇ ಇಳಿದಂತೆ ಎಂದು ಒಬ್ಬರು ಪಾಲಕರು ತಕರಾರು ತೆಗೆದರು, ಅವರಿಗೆ ಆ ಪಾಠ ಹೇಳಿಕೊಟ್ಟವಳೂ ನಾನೇ. ಗಣಪತಿ ಬಂದು ಹೋದ, ಆ ಹುಡುಗಿ ಹಾಡಲಿಲ್ಲ.

ಮೂರು ತಿಂಗಳ ಮೇಲೆ ಹಾಡಬಹುದೆಂದು ಅಪ್ಪಣೆಯಾಯಿತು. ಹುಡುಗಿ ಬಂದು ಎದುರು ಕೂತಳು. ನಾನು ಎಷ್ಟೋ ಕೆಳಗಿನ ಬಿಳಿ ನಾಲ್ಕನ್ನು ಒತ್ತಿದೆ. ಹೆದರುತ್ತ ಹೆದರುತ್ತ ಷಡ್ಜ ಹಚ್ಚಿದಳು. ತುಂಬಿದ, ಮಂದವಾದ, ಎಲ್ಲೂ ನಡುಗದ ದನಿ. ನಾಲ್ಕು ವರ್ಷ ಎದುರಿಗೇ ಕೂತಿದ್ದರೂ ನಾನು ಅದನ್ನು ಒಮ್ಮೆಯೂ ಕೇಳಿರಲಿಲ್ಲ. ನನ್ನ ಕಣ್ಣು ತುಂಬಿದ್ದನ್ನು ಕಂಡು ಅವಳು ಗಾಬರಿಯಾದಳು.

"ತಪ್ಪಾತೇನ್ರಿ ಟೀಚರ್?"

"ಇಲ್ಲವಾ. ಇಷ್ಟು ಛಲೋ ದನಿ ಇಷ್ಟ ದಿನಾ ಎಲ್ಲಿತ್ತ?"

ಅವಳು ತಲೆ ತಗ್ಗಿಸಿ ಜಮಖಾನೆಯ ದಾರ ಎಳೆಯುತ್ತ ಹೇಳಿದಳು: "ಮನ್ಯಾಗ ಬಾಗಲಾ ಹಾಕ್ಕೊಂಡು ಮದಲಿಂದ್ಲೂ ಹಿಂಗ ಹಾಡ್ತಿದ್ದೆ ರೀ. ನಿಮಗ ಗೊತ್ತಾದ್ರ ಬೈತೀರಿ ಅಂತ ಹೇಳಿರಲಿಲ್ಲ."