ಸೀರೆಯ ಒಳತುದಿಯ ತೇಪೆ

ಗ್ಯಾಸ್ ಸಿಲಿಂಡರ್ ತಂದವನು ಹೋಗುವ ತನಕ ಅಡುಗೆಮನೆ ಬಾಗಿಲು ಬಿಟ್ಟು ಕದಲದವಳು ನಾನು. ಅವ್ವನ ಮದುವೆಯ ರೇಷ್ಮೆ ಸೀರೆಯನ್ನು ಗುರುತಿಲ್ಲದವರ ಕೈಗೆ ಕೊಟ್ಟು ಬರುವುದುಂಟೇ? ನಮ್ಮ ದಿಲ್‌ಸುಖ್‌ನಗರದ ಗಲ್ಲಿಯಲ್ಲಿ ಹಳೆ ಜರಿ ಕೊಳ್ಳುವವರು ಕೂಗುತ್ತ ತಿರುಗುತ್ತಾರೆ. ಸುಟ್ಟು ಬೆಳ್ಳಿ ತೆಗೆಯುತ್ತಾರಂತೆ.

ಸೀರೆ ಅವ್ವನಿಗೆ ಅವಳ ತಾಯಿ, ನನ್ನ ಅಜ್ಜಿ, ಕೊಟ್ಟದ್ದು. ಸೊಂಟಕ್ಕೆ ಸಿಕ್ಕಿಸುವ ಒಳತುದಿಗೆ ಯಾರೋ ಎರಡೂ ಬದಿಗೆ ಮೈದಾ ಅಂಟು ಹಾಕಿ ಬಟ್ಟೆಯ ತೇಪೆ ಹಚ್ಚಿದ್ದರು. ಅಂಟಿನ ಆಸೆಗೆ ಬಂದ ಹುಳ ಈಗ ರೇಷ್ಮೆಗೂ ಬಾಯಿ ಹಾಕಿತ್ತು. ತೇಪೆ ಬಿಡಿಸಿ ಸರಿಮಾಡಿಸೋಣ ಎಂದೆ.

"ಬ್ಯಾಡ ಬಿಡು, ಇದ್ದಂಗ ಇರಲಿ," ಅಂದಳು ಅವ್ವ. ನನಗಿಂತ ಅನುಮಾನದವಳು ಅಂದುಕೊಂಡೆ.

ಆದರೂ ಅವ್ವನನ್ನು ಕರೆದುಕೊಂಡು, ಉಪ್ಪಲ್‌ನಲ್ಲಿ ಹಳೆ ಬಟ್ಟೆಗಳನ್ನು ಸರಿಮಾಡಿಕೊಡುವ ಹೆಂಗಸಿನ ಬಳಿ ಸೀರೆ ಒಯ್ದೆ. ಅವರು ಮೈಸೂರಿನವರು. ಲೋಳೆ ತುಂಬಿದ ಡಬ್ಬಿ ತೋರಿಸಿ, "ಇದರಲ್ಲಿ ಕಿಣ್ವ ಇದೆ. ಗಂಜಿ, ಮೈದಾ ಮಾತ್ರ ಕರಗಿಸುತ್ತೆ. ನಮ್ಮ ಜೊಲ್ಲಿನಲ್ಲೂ ಇಂಥದ್ದೇ ಇರುತ್ತೆ," ಎಂದರು.

"ಎಂಜಲಾ?" ಅವ್ವ ಸೀರೆ ಎಳೆದುಕೊಂಡಳು.

"ಬಾಯಿಂದ ತೆಗೆದದ್ದಲ್ಲಮ್ಮ."

ಕಿಣ್ವ ಇರುವ ಸೋಪು ರೇಷ್ಮೆಗೆ ಕೂಡದೆಂದು ನಾನು ಪ್ಯಾಕೆಟ್ಟಿನ ಮೇಲೇ ಓದಿದ್ದೆ. ಕೇಳಿದರೆ, "ಅದು ಬೇರೆ ಕಿಣ್ವ," ಎಂದರು. ಎಲ್ಲದಕ್ಕೂ ಉತ್ತರ ಸಿದ್ಧವಿರುವವರನ್ನು ಕಂಡರೆ ನನಗಾಗದು. ಕುರ್ಚಿ ಎಳೆದುಕೊಂಡು ಅಲ್ಲೇ ಕೂತೆ.

ಆಫೀಸಿನ ಫೋನು ಬಂತೆಂದು ಹೊರಗೆ ಹೋಗಿ ಬರುವಷ್ಟರಲ್ಲಿ ತೇಪೆ ಬಿಟ್ಟುಕೊಂಡಿತ್ತು. ಅದರಡಿ ಚೌಕಾಕಾರದ ದೊಡ್ಡ ತೂತು. ಕತ್ತರಿಯ ಕೆಲಸ. ಜರಿ ಅಂಚೂ ಮಾಯ!

"ನಾ ಹೊರಗ ಹೋಗೂದನ್ನ ಕಾಯಾಕತ್ತಿದ್ರೇನ್ರಿ?" ಎಂದು ರೇಗಿದೆ. ಅವರ ಮುಖ ಕಪ್ಪಿಟ್ಟಿತು.

"ಅಕಿಗ್ಯಾಕ ಬೈತಿ? ಕತ್ತರಿಸಿದಾಕಿ ನಾನ," ಅಂದಳು ಅವ್ವ.

ನಮ್ಮ ಕಡೆ, ಬಾಣಂತಿ ತವರಿನಿಂದ ಗಂಡನ ಮನೆಗೆ ಬರುವಾಗ ಕೂಸಿನ ತಲೆಗೆ ತವರಿನವರು ಹೊಲಿಸಿದ ರೇಷ್ಮೆಯ ಕುಂಚಿಗಿ ಇರಬೇಕು. ತಲೆಯಿಂದ ಬೆನ್ನಿಗಿಳಿಯುವ ಟೋಪಿ ಅದು. ನಾನು ಹುಟ್ಟಿದಾಗ ಅಜ್ಜಿ, "ಹೆಣ್ಣಿಗ್ಯಾಕ ರೇಷ್ಮಿ?" ಅಂದುಬಿಟ್ಟಳಂತೆ. ಅತ್ತೆಮನೆಯಲ್ಲಿ ತವರಿನ ಮಾನ ಹೋಗದಿರಲೆಂದು ಅವ್ವ ಈ ಸೀರೆಯನ್ನೇ ಕತ್ತರಿಸಿ ಗುಟ್ಟಾಗಿ ಕುಂಚಿಗಿ ಹೊಲಿದು, ತೂತಿಗೆ ತೇಪೆ ಅಂಟಿಸಿದ್ದಳು. ಅಜ್ಜಿಯ ಪ್ರೀತಿಯೆಂದು ಆ ಕುಂಚಿಗಿಯನ್ನು ನಾನು ನನ್ನ ಮಗಳಿಗೂ ಹಾಕಿದ್ದೆ.

ನನಗೆ ಅಳು ಬಂತು. ಆ ಹೆಂಗಸಿನ ಕೈ ಹಿಡಿದು ತಪ್ಪಾಯಿತೆಂದೆ.

ಅವ್ವ ನಮ್ಮಿಬ್ಬರನ್ನೂ ನೋಡಲಿಲ್ಲ. ತೂತಿನ ಮೇಲೆ ಅಂಗೈ ಮುಚ್ಚಿಕೊಂಡು ಕೇಳಿದಳು: "ಆ ಅಂಟು ಮತ್ತ ಹಚ್ಚಾಕ ಬರತೈತೇನವಾ? ನಮ್ಮವ್ವನ ಹೆಸರು ಕೆಡಬಾರದು."