ಒರೆಸಿ ಕಲಿತ ಕೈ

ಪಾವ್ಲು ಸಿದ್ದಿಯ ದಣಿವು ಇವತ್ತು ನಿನ್ನೆಯದಲ್ಲ. ಕಡಿದುಹೋದ ಫೈಬರ್ ಕೇಬಲ್‌ಗಳನ್ನು ಬೆಸೆಯುವುದು ಅವನ ಕಸುಬು. ಘಟ್ಟದ ಕಾಡಂಚಿನ ರಾಮನಗರದಲ್ಲಿ ಜೇಸಿಬಿಯ ಹಲ್ಲು ತಾಗಿದರೂ ಅವನೇ ಬೇಕು, ಉಳವಿ ದಾರಿಯಲ್ಲಿ ಮರ ಬಿದ್ದರೂ ಅವನೇ ಬೇಕು. ಇಪ್ಪತ್ತು ವರ್ಷಗಳಿಂದ ಅವನು ಮನೆಯಲ್ಲಿ ಮಲಗಿದ್ದಕ್ಕಿಂತ ರಸ್ತೆಬದಿಯಲ್ಲಿ ಮಲಗಿದ್ದೇ ಹೆಚ್ಚು. ಹಾಗಾಗಿ ಹೊರಗಿನ ಕಂಪನಿಯೊಂದು ಅನಮೋಡ ರಸ್ತೆಯಲ್ಲಿ ಹೊಸ ನಮೂನೆಯ ಕೇಬಲ್ ಎಳೆದು, ಪರೀಕ್ಷೆಯಲ್ಲಿ ಪಾಸಾದವರಿಗೆ ಕಾಯಂ ನೌಕರಿ ಎಂದಾಗ, ಅವನಿಗಿಂತ ಮೊದಲು ಹೆಂಡತಿ ಕಾತರಿನಾ ಹೂಂ ಅಂದಿದ್ದಳು. ಹಗಲು ಕೆಲಸ, ಸಂಜೆ ಮನೆ. ಇಬ್ಬರಿಗೂ ಬೇಕಾದದ್ದು ಅಷ್ಟೇ.

ಮಾಮೂಲಿ ಕೇಬಲ್ಲಿನ ಎಳೆಯಲ್ಲಿ ಬೆಳಕು ಗಾಜಿನೊಳಗೆ ಹರಿಯುತ್ತದೆ. ಈ ಹೊಸ ಎಳೆಯ ನಡುವೆ ಗಾಜೇ ಇಲ್ಲ, ಬರೀ ಗಾಳಿ. ಸುತ್ತ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳು. ಗಾಳಿಯಲ್ಲಿ ಬೆಳಕು ಇನ್ನೂ ಜೋರಾಗಿ ಓಡುತ್ತದಂತೆ. ಈಗಿನ ವೇಗಕ್ಕೇ ಜನ ಫೋನಿನಿಂದ ತಲೆ ಎತ್ತುತ್ತಿಲ್ಲ, ಇನ್ನೂ ಜೋರು ಯಾರಿಗೆ ಬೇಕಿತ್ತೋ.

"ಒಂದ ಮಾತು ನೆನಪಿಡ್ರಿ, ಪಾವ್ಲು ಅವರ," ಎಂದಿದ್ದಳು ಕಂಪನಿಯ ಎಂಜಿನಿಯರ್ ರಾಜಶ್ರೀ. "ಮೊದಲ ಒರಸ್ರಿ, ಆಮ್ಯಾಲ ಕತ್ತರಸ್ರಿ. ಕತ್ತರಿಸಿದ ತುದಿಗೆ ಸ್ಪಿರಿಟ್ ತಾಗಿದ್ರ ತೂತು ಅದನ್ನ ಒಳಗ ಎಳಕೊಂತಾವ. ಬೆಳಕು ಮುಂದ ಹೋಗೂದಿಲ್ಲ."

ಪಾವ್ಲುವಿಗೆ ಅದು ಅರ್ಥವಾಗದ ಮಾತೇನಲ್ಲ. ಆದರೆ ಕೆಂಪು ಧೂಳಿನ ರಸ್ತೆಗಳಲ್ಲಿ ದುಡಿದವನು. ಕತ್ತರಿಸಿದ ಮೇಲೂ ತುದಿಯನ್ನೊಮ್ಮೆ ಸ್ಪಿರಿಟ್ಟಿನಲ್ಲಿ ಸವರುವುದು ಅವನ ರೂಢಿ. ಹಳೆಯ ಗಾಜಿನ ಎಳೆ ಅದನ್ನು ಸಹಿಸಿಕೊಂಡಿತ್ತು.

ಪರೀಕ್ಷೆಯ ದಿನ ವ್ಯಾನಿನೊಳಗೆ ಕೂತು ಒಂದೊಂದೇ ಎಳೆ ಬೆಸೆದ. ಎಲ್ಲವೂ ಸರಿಯಾದವು. ಕೊನೆಯದು ಬರುವಷ್ಟರಲ್ಲಿ ಕಣ್ಣು ಉರಿಯುತ್ತಿತ್ತು, ಸೊಂಟ ಹಿಡಿದಿತ್ತು. ಎಳೆ ಕತ್ತರಿಸಿದ. ಕೈ ತಾನಾಗಿಯೇ ಸ್ಪಿರಿಟ್ಟಿನ ಹತ್ತಿಯನ್ನೆತ್ತಿ ತುದಿಯನ್ನು ಸವರಿಬಿಟ್ಟಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ; ಕಲಿತ ಗುಣವೇನು ಕಡಿಮೆಯೇ?

ರಾಜಶ್ರೀ ಹೊರಗೆ ಫೋನಿನಲ್ಲಿದ್ದಳು. ಯಾರೂ ನೋಡಿರಲಿಲ್ಲ. ಸುಮ್ಮನೆ ಬೆಸೆದು, ಕೇಬಲ್ಲೇ ಸರಿಯಿಲ್ಲ ಎನ್ನಬಹುದಿತ್ತು. ಆದರೆ ಸುಳ್ಳು ಹೇಳುವುದಕ್ಕೂ ಮೈಯಲ್ಲಿ ಕಸುವು ಬೇಕು.

"ಮೇಡಂ, ಒರಸಿಬಿಟ್ಟೆ," ಎಂದ.

ಒಳಗೆ ಬಂದ ಅವಳು ಬೈಯಲಿಲ್ಲ. ಸ್ಪಿರಿಟ್ ಏರಿದಷ್ಟು ಎಳೆಯನ್ನು ಅವನಿಂದಲೇ ಕತ್ತರಿಸಿ ತೆಗೆಸಿದಳು, ಮತ್ತೆ ಬೆಸೆಯಿಸಿದಳು. ಬೆಳಕು ಸಲೀಸಾಗಿ ಹರಿಯಿತು. ಬಚಾವಾದೆ ಅಂದುಕೊಂಡ ಪಾವ್ಲು.

"ನೀವು ಹೇಳಿದ್ದು ಛಲೋ ಆತ್ರಿ," ಎಂದಳು ರಾಜಶ್ರೀ, ಅವನ ಮುಖ ನೋಡದೆ. "ಆದ್ರ ಕಾಯಂ ಕೆಲಸಕ್ಕ ಹೊಸಬರನ್ನ ತಗೋತೇವಿ. ಅವರಿಗೆ ನಾವು ಕಲಿಸಿದ್ದ ರೂಢಿ ಆಗ್ತೈತಿ. ನಿಮ್ಮ ಕೈಗೆ ಹಳೇದನ್ನ ಮರಸೂದು ಆಗೂದಿಲ್ರಿ."

ಕೆಲಸ ಬರುವುದಿಲ್ಲ ಎಂದಿದ್ದರೆ ಜಗಳವಾಡುತ್ತಿದ್ದ. ಕೆಲಸ ಬರುತ್ತದೆ ಎಂಬುದೇ ತಪ್ಪು ಎಂದರೆ ಯಾರ ಜೊತೆ ಜಗಳ? ಅವನಿಗೆ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು, ಯಾಕೆಂದು ಅವನಿಗೇ ತಿಳಿಯಲಿಲ್ಲ. "ಆತ್ರಿ" ಎಂದು ವ್ಯಾನಿನಿಂದ ಇಳಿದ.

ಯಾರೂ ನೋಡಿರಲಿಲ್ಲವಲ್ಲ, ಯಾಕೆ ಹೇಳಿದೆ ಎಂದು ಸಂಜೆ ಕಾತರಿನಾ ಕೊಂಕಣಿಯಲ್ಲಿ ಕೇಳಿದಳು. ದಣಿದಿದ್ದೆ ಎಂದ. ನಾಳೆ ಎಲ್ಲಿಗೆ ಎಂದಳು. ಮುಂಡಗೋಡಕ್ಕೆ, ಹಳೆಯ ಕೇಬಲ್ ಕೆಲಸ, ಎಷ್ಟು ದಿನವೋ ಗೊತ್ತಿಲ್ಲ ಎಂದ.

ಇನ್ನು ಬೇಕಾಗುವುದಿಲ್ಲವೆಂದು ಅವಳು ಬೆಳಿಗ್ಗೆಯಷ್ಟೇ ಅವನು ಊರೂರಿಗೆ ಒಯ್ಯುವ ಬಟ್ಟೆಯ ಚೀಲವನ್ನು ಒಗೆದು ಹಗ್ಗಕ್ಕೆ ಹಾಕಿದ್ದಳು. ಹೋಗಿ ತಂದಳು. ಅದು ಇನ್ನೂ ಹಸಿಯಾಗಿತ್ತು.