ಎದುರಿಗೆ ಬರುವವರು

ಅಪ್ಪ ಕಾಡಿನ ದಾರಿಯಲ್ಲಿ ತಪ್ಪು ದಿಕ್ಕಿಗೆ ಓಡುತ್ತಿದ್ದರು. ಇದು ನನ್ನ ವಾದ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆಲ್ಲುತ್ತಿದ್ದ ಆ ದಿನಗಳಲ್ಲಿ ವಾದವಿಲ್ಲದೆ ನನಗೆ ಚಹಾ ಕೂಡ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಯ ವಿಶಾಖಪಟ್ಟಣ. ಅಪ್ಪ ನೌಕಾಪಡೆಯಲ್ಲಿ, ಹಡಗಿನ ಇಂಜಿನ್ ಕೋಣೆಯ ಚೀಫ್. ನೌಕರಿ ಇನ್ನೆರಡು ವರ್ಷ ಮುಂದುವರಿಯಬೇಕಾದರೆ ಓಟದ ಪರೀಕ್ಷೆ ಪಾಸಾಗಬೇಕು. ಇಲ್ಲವಾದರೆ ಕ್ವಾರ್ಟರ್ಸ್ ಖಾಲಿ ಮಾಡಿ, ನನ್ನ ಬಿಎಸ್ಸಿಯನ್ನು ಅರ್ಧಕ್ಕೆ ಬಿಟ್ಟು ಧಾರವಾಡದ ರೈಲು ಹತ್ತಬೇಕು. ಹಡಗಿನ ಕಬ್ಬಿಣದ ಏಣಿಗಳು ಅಪ್ಪನ ಮೊಣಕಾಲನ್ನು ಸವೆಸಿದ್ದವು, ಅವ್ವನ ಕೈರುಚಿ ಹೊಟ್ಟೆಯನ್ನು ಬೆಳೆಸಿತ್ತು. ಹಾಗಾಗಿ ದಿನಾ ಮುಂಜಾನೆ ನಾವಿಬ್ಬರೂ ಸ್ಕೂಟರಿನಲ್ಲಿ ಊರಾಚೆಯ ಕಾಡಿಗೆ ಹೋಗುತ್ತಿದ್ದೆವು. ಗೇಟಿನಿಂದ ಹೊರಟು, ಗೋಡಂಬಿ ಮರಗಳ ನಡುವೆ ಗುಡ್ಡವನ್ನೊಂದು ಸುತ್ತು ಹಾಕಿ, ಮತ್ತೆ ಗೇಟಿಗೇ ಬರುವ ಕಾಲುದಾರಿ. ಗಾಳಿ ತಿರುಗಿದರೆ ಅಲ್ಲಿಯೂ ಸಮುದ್ರದ ವಾಸನೆ.

ಓಡಲು ಬರುತ್ತಿದ್ದ ಎಳೆಯ ನಾವಿಕರೆಲ್ಲ ಮೈದಾನದ ರೂಢಿಯಂತೆ ಗುಡ್ಡವನ್ನು ಎಡಗಡೆ ಇಟ್ಟುಕೊಂಡು ಓಡುತ್ತಿದ್ದರು. ಅಪ್ಪನೊಬ್ಬರೇ ಬಲಗಡೆ. ಆ ದಿಕ್ಕಿನಲ್ಲಿ ಕೊನೆಗೆ ಕಡಿದಾದ ಇಳಿಜಾರು. ಅದನ್ನಿಳಿದು ಮನೆ ಸೇರುವಷ್ಟರಲ್ಲಿ ಮೊಣಕಾಲು ಬಾತಿರುತ್ತಿತ್ತು.

"ಅಪ್ಪಾ, ಆ ಕಡಿಂದ ಓಡಿದ್ರ ಕಡಿದಾದ್ದು ಹತ್ತೂದು, ಸಣ್ಣದು ಇಳಿಯೂದು. ಮೊಣಕಾಲಿಗೆ ಆರಾಮ. ಇದರಾಗ ಒಪ್ಪಲಾರದ್ದು ಏನೈತ್ರಿ?"

"ದಾರ್ಯಾಗ ಅಮ್ಮನವರು ಅದಾರ. ಅಪ್ರದಕ್ಷಿಣಿ ಹಾಕಬಾರದು."

ಅಮ್ಮನವರೆಂದರೆ ಬೇವಿನ ಮರದಡಿ ಅರಿಶಿನ ಬಳಿದ ಒಂದು ಕಲ್ಲು. ಮನೆಯಲ್ಲಿ ಪೂಜೆ ಶುರುವಾದರೆ ಪೇಪರಿನ ಹಿಂದೆ ಅಡಗುವ ಮನುಷ್ಯ ಹೀಗೆನ್ನುವುದೇ? ನಾನು ಬಿಡಲಿಲ್ಲ.

"ಕಲ್ಲು ಇರೂದು ದಾರಿ ಹೊರಗ. ನೀವು ಸುತ್ತೂದು ಗುಡ್ಡಾನ, ಆಕೀನ್ನಲ್ಲ. ಹಿಂಗ ಓಡಿದ್ರ ಆಕಿ ದಿನಾ ನಿಮ್ಮ ಎಡಕ್ಕ ಬರ್ತಾಳ. ಬಲಕ್ಕ ಬೇಕಂದ್ರ ಆ ಕಡಿಂದ ಬರ್ರಿ!"

ಅಪ್ಪ ನಿಂತರು. ಕಲ್ಲನ್ನು ನೋಡಿದರು, ತಮ್ಮ ಎಡಗೈಯನ್ನು ನೋಡಿಕೊಂಡರು. "ಹೌದಲ್ಲವಾ!"

ಗೆದ್ದೆ ಅಂದುಕೊಂಡೆ. ಮರುದಿನ ನೋಡಿದರೆ ಮತ್ತದೇ ದಿಕ್ಕು. ಸಿಟ್ಟಿನಿಂದ ಬೆನ್ನು ಹತ್ತಿದೆ. ಅಪ್ಪ ಏದುಸಿರು ಬಿಡುತ್ತಾ ನಡೆಯುತ್ತಿದ್ದರು. ಅಷ್ಟರಲ್ಲಿ ಎದುರಿನಿಂದ ಇಬ್ಬರು ಹುಡುಗರು ಓಡಿಬಂದು, "ಗುಡ್ ಮಾರ್ನಿಂಗ್, ಚೀಫ್!" ಎಂದರು. ಅಪ್ಪನ ಎದೆ ಉಬ್ಬಿತು, ಹೊಟ್ಟೆ ಒಳಹೋಯಿತು, ಕಾಲುಗಳು ಓಡತೊಡಗಿದವು. ಹುಡುಗರು ತಿರುವಿನಲ್ಲಿ ಮರೆಯಾದರು. ಅಪ್ಪ ಮತ್ತೆ ನಡಿಗೆಗಿಳಿದರು.

"ಈಗರ ತಿಳೀತೇನು? ಎದುರಿಗೆ ಬಂದವರು ಮಾರಿ ನೋಡ್ತಾರಂತ ಓಡ್ತೀನಿ. ಅವರ ದಿಕ್ಕಿಗೇ ಹೊಂಟ್ರ ಹಿಂದಿಂದ ಬಂದು ದಾಟಿ ಹೋಗ್ತಾರ. ಬೆನ್ನಿಗೆಲ್ಲಿ ನಾಚಿಕಿ, ಮಗಳ?"

"ಮತ್ತ ಅಮ್ಮನವರು?"

"ನಿನ್ನ ಜೋಡಿ ವಾದಕ್ಕ ನಿಲ್ಲಾಕ ಯಾರರ ದೊಡ್ಡವರು ಬೇಕಲ್ಲ."

ಆದರೆ ಮೊಣಕಾಲಿಗೆ ಈ ವಾದವೆಲ್ಲ ಅರ್ಥವಾಗಬೇಕಲ್ಲ? ಗೇಟಿಗೆ ಬರುವಷ್ಟರಲ್ಲಿ ನಾನೊಂದು ದಾರಿ ಹುಡುಕಿದ್ದೆ.

"ನಾಳಿಂದ ನೀವು ಆ ಕಡಿಂದ ಹೊಂಡ್ರಿ, ನಾ ಈ ಕಡಿಂದ. ಎದುರಿಗೆ ನಾ ಬರ್ತೀನಿ."

"ನೀ ಏನು ನನ್ನ ಜೂನಿಯರ್ ಏನ, ನಾಚಗೊಳ್ಳಾಕ?"

"ಅದಕ್ಕಿಂತ ಕೆಟ್ಟಾಕಿ. ನಡಿಯೂದು ಕಂಡ್ರ ಅವ್ವಗ ಹೇಳ್ತೀನಿ."

ಮರುದಿನ ನಾವು ಬೇರೆಬೇರೆ ದಿಕ್ಕಿಗೆ ಹೊರಟಾಗ ಗೇಟಿನ ಕಾವಲುಗಾರ ಗಾಬರಿಯಾದ. "ಏಮಯ್ಯಿಂದಿ ಚೀಫ್ ಗಾರು, ಅಮ್ಮಾಯಿ ಅಲಿಗಿಂದಾ?" ಮಗಳು ಮುನಿಸಿಕೊಂಡಳಾ ಎಂದು ಅವನ ಚಿಂತೆ. ನಾನು ಒಂದು ದಿನ ಜೋರಾಗಿ ಓಡಿ ಬೇಗ ಎದುರಾಗುತ್ತಿದ್ದೆ, ಇನ್ನೊಂದು ದಿನ ಬೇಕೆಂದೇ ತಡಮಾಡುತ್ತಿದ್ದೆ. ಯಾವ ತಿರುವಿನಲ್ಲಿ ಸಿಗುತ್ತೇನೋ ತಿಳಿಯದೆ ಅಪ್ಪ ಓಡಲೇಬೇಕಾಯಿತು. ಕೆಂಪಾದ ಮುಖ, ಬೆವರಿಗೆ ಅಂಟಿದ ಬನಿಯನ್, ನನ್ನನ್ನು ಕಂಡಕೂಡಲೇ ಎರಡು ಬೆರಳಿನ ಸಲ್ಯೂಟು. ಬರಬರುತ್ತ ಮೊಣಕಾಲಿನ ಬಾವು ಇಳಿಯಿತು.

ಪರೀಕ್ಷೆ ನೌಕಾನೆಲೆಯ ಒಳಗೆ, ಮನೆಯವರಿಗೆ ಪ್ರವೇಶವಿಲ್ಲ. ನಾನು ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಪುಸ್ತಕ ತೆರೆದು ಕೂತಿದ್ದೆ, ಓದಿದ್ದೇನೂ ತಲೆಗೆ ಹೋಗಲಿಲ್ಲ. ಮಧ್ಯಾಹ್ನ ಅಪ್ಪ ಸ್ಕೂಟರು ನಿಲ್ಲಿಸಿದವರೇ, "ಪಾಸ್!" ಎಂದು ಅಡಿಗೆಮನೆಗೆ ಕೇಳುವಂತೆ ಕೂಗಿದರು. ಆಮೇಲೆ ನನ್ನ ಪಕ್ಕ ಕೂತು ಬೂಟಿನ ಲೇಸು ಬಿಚ್ಚುತ್ತಾ ದನಿ ತಗ್ಗಿಸಿದರು.

"ನಡುವ ಸ್ವಲ್ಪ ನಡದ್ನಿ. ಅವ್ವಗ ಹೇಳಬ್ಯಾಡ."